ಆರು ಜನರ ಮೆರವಣಿಗೆ: ಮಾನವ ವಿಕಾಸದ ಗೋಡೆಚಾರ್ಟು, ಅಜ್ಞೇಯವಾದಿಯ ಕಣ್ಣಲ್ಲಿ

ಹಾಸನದ ಸ್ಟೇಷನರಿ ಅಂಗಡಿಗಳಲ್ಲಿ ಮಾನವ ವಿಕಾಸದ ಚಾರ್ಟು ದಶಾವತಾರದ ಪಟದ ಪಕ್ಕದಲ್ಲೇ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. 20 × 30 ಇಂಚು, ಎರಡೂ ಬದಿ ಲ್ಯಾಮಿನೇಷನ್, ಮೇಲೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ. ಅಚ್ಚು ಚೊಕ್ಕ, ಬಣ್ಣ ಗಟ್ಟಿ. ತೊಂದರೆಯೆಲ್ಲ ಚಿತ್ರದಲ್ಲಿದೆ.

ಎಡತುದಿಯಲ್ಲಿ ಚಿಂಪಾಂಜಿ, ಬಲತುದಿಯಲ್ಲಿ ಈಟಿ ಹಿಡಿದ ನಾವು. ನಡುವಿನ ನಾಲ್ವರು ಒಬ್ಬರಿಗಿಂತ ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಸಾಲಾಗಿ ನಡೆಯುತ್ತಾರೆ. ಇದನ್ನು ನೋಡಿದ ಯಾವ ಹುಡುಗನಾದರೂ ಕೇಳುವುದು ಒಂದೇ: "ಹಂಗಾದ್ರೆ ಈಗಿರೋ ಮಂಗಗಳು ಯಾಕೆ ಸಾರ್ ಇನ್ನೂ ಮನುಷ್ಯರಾಗಿಲ್ಲ?" ಪ್ರಶ್ನೆ ಸರಿಯಾಗಿಯೇ ಇದೆ, ಚಾರ್ಟು ತಪ್ಪು. ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಮನೆ ಭಾಗವಾಯಿತು. ಭಾಗವಾದ ಮೇಲೆ ಅವರ ಕಡೆಯೂ ನಮ್ಮಷ್ಟೇ ಕಾಲ ಕಳೆದಿದೆ. ಐದನೆಯವನಾಗಿ ನಿಲ್ಲಿಸಿರುವ ನಿಯಾಂಡರ್ತಾಲ್ ಕೂಡ ನಮ್ಮ ಹಿಂದಿನ ಮೆಟ್ಟಿಲಲ್ಲ, ಪಕ್ಕದ ಮನೆಯವನು. ಸುಮಾರು 40,000 ವರ್ಷಗಳ ಹಿಂದೆ ಅವನ ವಂಶ ನಿಂತಿತು. ಅದಕ್ಕೂ ಮುಂಚೆ ನಮ್ಮವರ ಜತೆ ಬೀಗತನವಾಗಿತ್ತು. ಅದರ ಗುರುತು ಆಫ್ರಿಕಾದಾಚೆಯ ಜನರ ಡಿಎನ್‌ಎಯಲ್ಲಿ ಇಂದಿಗೂ ಶೇಕಡಾ 1–2ರಷ್ಟಿದೆ.

ಇದನ್ನು ರಿಪೇರಿ ಮಾಡಬಹುದು. ಎರಡು ಪ್ರತಿ ಕೊಳ್ಳಿ. ಒಂದರಿಂದ ಆರೂ ಆಕೃತಿಗಳನ್ನು ಸ್ಟೀಲ್ ಸ್ಕೇಲು, ಬ್ಲೇಡಿನಿಂದ ಕತ್ತರಿಸಿ; ಕತ್ತರಿಯಲ್ಲಿ ಕತ್ತರಿಸಿದರೆ ಲ್ಯಾಮಿನೇಷನ್ ಅಂಚು ಬಿಡುತ್ತದೆ. ಕತ್ತರಿಸಿದ ಅಂಚಿಗೆ ಸೆಲ್ಲೋಟೇಪ್ ಹಾಕದಿದ್ದರೆ ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಥಂಡಿ ಒಳಗೆ ಹೋಗಿ, ಆಗಸ್ಟ್ ಹೊತ್ತಿಗೆ ಕಾಗದ ಬೂಸಲು ಹಿಡಿದಿರುತ್ತದೆ. ಪ್ಲಾಸ್ಟಿಕ್ಕಿಗೆ ಗೋಂದು ಹಿಡಿಯುವುದಿಲ್ಲ, ಎರಡು ಬದಿಯ ಟೇಪೇ ಬೇಕು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಕವಲೊಡೆದ ಮರ ಬರೆದು ಒಬ್ಬೊಬ್ಬರನ್ನೂ ಅವರವರ ಕವಲಿಗೆ ಅಂಟಿಸಿ. ಚಿಂಪಾಂಜಿಯ ಕವಲೂ ನಮ್ಮದೂ ಕೂಡುವಲ್ಲಿ ಒಂದು ಖಾಲಿ ವೃತ್ತ ಸಾಕು. ಅಲ್ಲಿ ಯಾರ ಮುಖವನ್ನೂ ಬರೆಯಬೇಡಿ. ಇವನೇ ಆ ಪೂರ್ವಜ ಎಂದು ಬೆರಳಿಟ್ಟು ತೋರಿಸುವಂಥ ಪಳೆಯುಳಿಕೆ ಇನ್ನೂ ಕೈಗೆ ಬಂದಿಲ್ಲ.

ಚಾರ್ಟಿನ ಎಡಮೂಲೆಯಲ್ಲಿ ಇನ್ನೊಂದು ಪುಟ್ಟ ಚಿತ್ರ: ಸಮುದ್ರಕ್ಕೆ ಮಿಂಚು ಹೊಡೆಯುತ್ತದೆ, ಕೆಳಗೆ 'ಜೀವದ ಉಗಮ'. ಮೆರವಣಿಗೆಗಿಂತ ಇದೇ ಹೆಚ್ಚು ಅಪ್ರಾಮಾಣಿಕ. ಅಮೆರಿಕದ ರಸಾಯನವಿಜ್ಞಾನಿ ಮಿಲ್ಲರ್ 1953ರಲ್ಲಿ ಮಾಡಿದ ಪ್ರಯೋಗದಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಿನ ಆವಿಗೆ ಕಿಡಿ ಹಾಯಿಸಿದಾಗ ಸಿಕ್ಕಿದ್ದು ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು, ಜೀವಕೋಶವಲ್ಲ. ನಡುವಿನ ದಾರಿ ಇನ್ನೂ ಗೊತ್ತಿಲ್ಲ. ಆ ಮೂಲೆಗೆ ದಪ್ಪ ಪ್ರಶ್ನಾರ್ಥಕ ಚಿಹ್ನೆ ಅಂಟಿಸಿ. 1869ರಲ್ಲಿ 'ಅಗ್ನಾಸ್ಟಿಕ್' (ಅಜ್ಞೇಯವಾದಿ, ದೇವರ ವಿಷಯ ತಿಳಿಯದು ಎನ್ನುವವ) ಎಂಬ ಪದ ಹುಟ್ಟಿಸಿದ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್ಲಿ ಡಾರ್ವಿನ್ನನ ಪರ ವಾದಿಸಿದವರಲ್ಲೇ ಮುಂಚೂಣಿಯವನು. ಡಾರ್ವಿನ್ನನೂ 1879ರ ಕಾಗದವೊಂದರಲ್ಲಿ ತನಗೆ ಹೆಚ್ಚು ಒಪ್ಪುವ ಹೆಸರು ಅದೇ ಎಂದಿದ್ದ. ತಿಳಿಯದ್ದನ್ನು ತಿಳಿಯದು ಎನ್ನುವುದಕ್ಕೂ ತಿಳಿದದ್ದನ್ನು ಸಂಶಯಿಸುವುದಕ್ಕೂ ಇರುವ ಗೆರೆಯನ್ನೇ ಈ ಚಾರ್ಟು ಅಳಿಸಿಹಾಕಿದೆ.

ಆರೂ ಜನರ ಸುತ್ತ ಒಂದು ಗಿಡವೂ ಇಲ್ಲ. ಚಿಕ್ಕಮಗಳೂರಿನಲ್ಲಿ ತೂಗುಹಾಕುವ ಚಾರ್ಟಿಗೆ ಇದು ಕೊರತೆಯೇ. "ತಳಿ ಬದಲಾದೀತು, ಹೊಸ ಜಾತಿ ಹುಟ್ಟಲ್ಲ" ಎನ್ನುವವರಿಗೆ ಕಾಫಿತೋಟದಲ್ಲೇ ಉತ್ತರವಿದೆ. ರೊಬಸ್ಟಾದಲ್ಲಿ 22 ವರ್ಣತಂತು, ಅದರ ಬಂಧು ಯೂಜಿನಿಯಾಯ್ಡಿಸ್‌ನಲ್ಲಿ 22. ಇವೆರಡೂ ಎಂದೋ ತಾವಾಗಿಯೇ ಕೂಡಿ, 44 ವರ್ಣತಂತುಗಳ ಅರೇಬಿಕಾ ಆಯಿತು. ಎಲೆ ತುಕ್ಕು ರೋಗದ್ದು ಇನ್ನೂ ಹತ್ತಿರದ ಪಾಠ. ತುಕ್ಕು ತಡೆಯುತ್ತದೆಂದು ನೆಟ್ಟ ಕೆಂಟ್ ತಳಿ ಕೆಲವು ಕಾಲಕ್ಕೆ ಸೋತಿತು, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ 795 ತಳಿ ಕೂಡ ಮೊದಲಿನ ಬಿಗಿ ಉಳಿಸಿಕೊಳ್ಳಲಿಲ್ಲ. ಗಿಡ ಅದೇ, ಬದಲಾದದ್ದು ತುಕ್ಕು ಹತ್ತಿಸುವ ಶಿಲೀಂಧ್ರ. ಎಲೆಯ ಅಡಿಯ ಕಿತ್ತಳೆ ಪುಡಿ ಬೆರಳಿಗೆ ಹತ್ತಿಸಿಕೊಂಡ ಬೆಳೆಗಾರನಿಗೆ ನೈಸರ್ಗಿಕ ಆಯ್ಕೆಯನ್ನು ಬೇರೆ ಹೇಳಿಕೊಡಬೇಕಿಲ್ಲ, ಅವನು ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೆ.

ದಶಾವತಾರದ ಪಟವನ್ನು ಇದರ ಜೋಡಿಯಾಗಿ ಹಾಕಿ 'ನಮ್ಮವರು ಮೊದಲೇ ಹೇಳಿದ್ದರು' ಎನ್ನುವುದುಂಟು. ಎರಡಕ್ಕೂ ಅನ್ಯಾಯ. ಪರಶುರಾಮ ವಾಮನನ ವಂಶದವನಲ್ಲ. ಅವತಾರದ ಕಾರಣ ಧರ್ಮ, ಪೀಳಿಗೆಯಲ್ಲ. ಜೋಡಿ ಬೇಕೇಬೇಕಿದ್ದರೆ ಹಳೇಬೀಡಿನ ಗೋಡೆಯ ಮಕರದ ಫೋಟೋ ಹಾಕಿ: ಹಂಸಗಳ ಸಾಲಿನ ಕೆಳಗೆ, ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಶಿಲ್ಪಿಯ ಕಲ್ಪನೆಗೆ ಕವಲುಗಳ ಕಟ್ಟಿಲ್ಲ, ವಿಕಾಸಕ್ಕಿದೆ: ಹಕ್ಕಿಯ ಕವಲಿನ ಗರಿ ಆನೆಯ ಕವಲಿಗೆ ಹಾರುವಂತಿಲ್ಲ. ನಿಜವಾದ ನವಿಲುಗರಿಯ ಆನೆ ಸಿಕ್ಕಿದ ದಿನ ಆ ಸಿದ್ಧಾಂತ ಬಿದ್ದಂತೆ. ಸಿಗದಿದ್ದರೆ ದೇವರಿಲ್ಲ ಎಂದೇನೂ ಆಗುವುದಿಲ್ಲ. ಆ ಲೆಕ್ಕ ಈ ಚಾರ್ಟಿಗೆ ಸೇರಿದ್ದೇ ಅಲ್ಲ. ಹಾಸನ ಜಿಲ್ಲೆಯದೇ ಆದ ಶ್ರವಣಬೆಳಗೊಳದ ಜೈನರಂತೂ ಸೃಷ್ಟಿಕರ್ತನನ್ನು ಒಪ್ಪದೆಯೇ ಧರ್ಮ ನಡೆಸಿಕೊಂಡು ಬಂದಿದ್ದಾರೆ.

ಕೊನೆಯ ಕೊರತೆ ಕಾಲದ ಅಳತೆ. ಅಡಿಯಲ್ಲಿರುವ ಕಾಲರೇಖೆ ಅಳತೆಗೆ ತಕ್ಕುದಲ್ಲ, ಡೈನೋಸಾರೂ ನಾವೂ ಒಂದು ಗೇಣಿನೊಳಗಿದ್ದೇವೆ. ಬದಲಿಗೆ 46 ಮೀಟರ್ ಗೋಣಿ ಹುರಿ ತನ್ನಿ, ಮೀಟರಿಗೆ 10 ಕೋಟಿ ವರ್ಷ. ನೈಲಾನ್ ಬೇಡ, ಎಳೆದಷ್ಟೂ ಉದ್ದವಾಗುತ್ತದೆ, ಶಾಯಿಯೂ ಹಿಡಿಯುವುದಿಲ್ಲ. ಗಂಟು ಹಾಕುವುದಿದ್ದರೆ ಹಾಕಿದ ಮೇಲೆಯೇ ಅಳೆಯಿರಿ. ಈಚಿನ ತುದಿಯಿಂದ 33 ಮೀಟರಿನ ಆಸುಪಾಸು ಗೊರೂರಿನ ಬಂಡೆ. ಈ ಸೀಮೆಯಲ್ಲಿ ಬಂಡೆ ಒಡೆದು ಪಳೆಯುಳಿಕೆ ಹುಡುಕಿದವರಿಗೆ ಏನೂ ಸಿಗದಿರುವುದಕ್ಕೆ ಇದೇ ಕಾರಣ, ಕಲ್ಲು ಪ್ರಾಣಿಗಳಿಗಿಂತ ಬಹಳ ಹಳೆಯದು. ಪ್ರಾಣಿಗಳು ಬರುವುದು 6 ಮೀಟರಿನ ಹತ್ತಿರ, ಡೈನೋಸಾರ್ ಅಳಿದದ್ದು 66 ಸೆಂಟಿಮೀಟರಿನಲ್ಲಿ. ನಮ್ಮ ಜಾತಿಯ 3 ಲಕ್ಷ ವರ್ಷಕ್ಕೆ ಸಿಗುವುದು ಕಡೆಯ 3 ಮಿಲಿಮೀಟರ್. ಹಳೇಬೀಡು ಗುಡಿಯ 900 ವರ್ಷ ಕೂದಲೆಳೆಯಷ್ಟೂ ಇಲ್ಲ. ಆ ತುದಿಗೆ ಮೊದಲೇ ದಾರ ಸುತ್ತಿ ಬಿಗಿಯಿರಿ, ಗೋಣಿ ಹುರಿಯ ತುದಿ ಬೇಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡರೆ ಮೊದಲು ಉದುರುವುದು ಮನುಷ್ಯಕುಲವೇ.