ಮೂಗಿನ ಡುಬ್ಬ: ಉಜ್ಜಿ ತೆಗೆಸುವುದೋ, ಇಡಿಯಾಗಿ ಇಳಿಸುವುದೋ?

ಡುಬ್ಬದ ಮೇಲ್ಭಾಗ ಎಲುಬು, ಕೆಳಭಾಗ ಮೃದ್ವಸ್ಥಿ (ಕಾರ್ಟಿಲೇಜ್). ಸಾಂಪ್ರದಾಯಿಕ ವಿಧಾನದಲ್ಲಿ ಸರ್ಜನ್ ಪಕ್ಕದ ಮೃದ್ವಸ್ಥಿಗಳನ್ನು ನಡುಗೋಡೆಯಿಂದ (ಎರಡು ಹೊಳ್ಳೆಗಳ ನಡುವಿನ ಗೋಡೆ) ಬಿಡಿಸಿ, ನಡುಗೋಡೆಯ ಮೇಲಂಚು ಕತ್ತರಿಸಿ, ಎಲುಬನ್ನು ಅರದಿಂದ ಉಜ್ಜುತ್ತಾರೆ. ಆಗ ಮೂಗಿನ ಚಾವಣಿ ತೆರೆದುಕೊಳ್ಳುತ್ತದೆ. ಪಕ್ಕದ ಎಲುಬುಗಳನ್ನು ಕತ್ತರಿಸಿ ಒಳಸರಿಸಿ ಮುಚ್ಚಬೇಕು. ಮೃದ್ವಸ್ಥಿ ಒಳಕುಸಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಹೊರಗೆ ತಲೆಕೆಳಗಾದ 'ವಿ' ಗುರುತು ಮೂಡುತ್ತದೆ. ಇದನ್ನು ತಡೆಯಲು ನಡುಗೋಡೆಯ ಪಕ್ಕಕ್ಕೆ ಮೃದ್ವಸ್ಥಿಯ ಪಟ್ಟಿ, ಅಂದರೆ ಸ್ಪ್ರೆಡರ್ ಗ್ರಾಫ್ಟ್ ಹಾಕುತ್ತಾರೆ. ಅದರ ಬಗ್ಗೆ ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ಪ್ರಿಸರ್ವೇಶನ್ (ಮೂಗಿನ ಬೆನ್ನನ್ನು ಉಳಿಸಿಕೊಳ್ಳುವ) ವಿಧಾನದಲ್ಲಿ ಚಾವಣಿ ಸಾಮಾನ್ಯವಾಗಿ ಒಡೆಯುವುದಿಲ್ಲ. ನಡುಗೋಡೆಯಿಂದ ಒಂದು ಪಟ್ಟಿ ತೆಗೆದು, ಬುಡದ ಎಲುಬು ಕತ್ತರಿಸಿ, ಇಡೀ ಮೂಗಿನ ಬೆನ್ನನ್ನೇ ಕೆಳಗಿಳಿಸುತ್ತಾರೆ. ಮೇಲ್ಮೈ ನಯವಾಗಿ ಉಳಿಯುತ್ತದೆ. ಆದರೆ ನಡುಗೋಡೆ ಸಾಕಷ್ಟು ಬಿಡುಗಡೆಯಾಗದಿದ್ದರೆ ಡುಬ್ಬ ಮತ್ತೆ ಸ್ವಲ್ಪ ಎದ್ದುಬರಬಹುದು. ಹುಬ್ಬುಗಳ ನಡುವೆ ಮೆಟ್ಟಿಲಿನಂಥ ತಗ್ಗೂ ಕಾಣಬಹುದು.

ಮೂಗು ನೇರವಾಗಿದ್ದು ಡುಬ್ಬ ಸಣ್ಣದು ಅಥವಾ ಮಧ್ಯಮವಾಗಿದ್ದರೆ ಎರಡನೆಯದೇ ನಮ್ಮ ಮೊದಲ ಆಯ್ಕೆ. ಬೆನ್ನು ಅಂಕುಡೊಂಕಾಗಿದ್ದರೆ, ಡುಬ್ಬ ತುಂಬ ದೊಡ್ಡದಾಗಿದ್ದರೆ ಅಥವಾ ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲನೆಯದು ಸುರಕ್ಷಿತ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಸರ್ಜನ್‌ಗೆ ಯಾವುದು ಕೈಗೆ ಹತ್ತಿದೆ ಎಂಬುದು.

ಚೇತರಿಕೆ ಹೆಚ್ಚುಕಡಿಮೆ ಒಂದೇ: ಸುಮಾರು 1 ವಾರ ಸ್ಪ್ಲಿಂಟ್ (ಮೂಗಿಗೆ ಆಸರೆಯ ಗಟ್ಟಿ ಪಟ್ಟಿ), 4ರಿಂದ 6 ವಾರ ಮೂಗಿನ ಮೇಲೆ ಕನ್ನಡಕ ಬೇಡ. ಊತ ಪೂರ್ತಿ ಇಳಿಯಲು ವರ್ಷವೇ ಬೇಕು; ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು.

ಶಸ್ತ್ರಚಿಕಿತ್ಸೆಯಿಲ್ಲದೆ ಚರ್ಮದಡಿ ಚುಚ್ಚುವ ಫಿಲ್ಲರ್ ಡುಬ್ಬವನ್ನು ತಗ್ಗಿಸುವುದಿಲ್ಲ, ಸುತ್ತ ತುಂಬಿ ಮರೆಮಾಚುತ್ತದೆ, ಅಷ್ಟೆ. ರಕ್ತನಾಳಕ್ಕೆ ಹೊಕ್ಕರೆ ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು.