ಗ್ಲೇಸಿಯರ್: ಅಮೆರಿಕದಲ್ಲಿ ಉಪನ್ಯಾಸ ಕೊಟ್ಟು ಬರುವ ಮೇಷ್ಟ್ರುಗಳಿಗೆ ಎಷ್ಟು ಉಪಯೋಗ?

ಬೆಂಗಳೂರಿನಿಂದ ವಾರದ ಮಟ್ಟಿಗೆ ಅಮೆರಿಕಕ್ಕೆ ಹೋಗಿ ಒಂದೆರಡು ಉಪನ್ಯಾಸ ಕೊಟ್ಟು ಬರುವ ಪ್ರಾಧ್ಯಾಪಕರಿಗೆ ಆಹ್ವಾನ ಪತ್ರದ ಬೆನ್ನಿಗೇ ಇನ್ನೊಂದು ಇಮೇಲ್ ಬರುವುದುಂಟು: ಗ್ಲೇಸಿಯರ್ ಎಂಬ ತೆರಿಗೆ ತಂತ್ರಾಂಶಕ್ಕೆ ಲಾಗಿನ್ ಆಗಿ ವಿವರ ತುಂಬಿ ಎಂದು. ಸ್ಪ್ಯಾಮ್ ಅಂದುಕೊಂಡು ಅಳಿಸಬೇಡಿ. ಇದನ್ನು ಬಳಸುವ ವಿಶ್ವವಿದ್ಯಾಲಯಗಳಲ್ಲಿ ನಿಮ್ಮ ಗೌರವಧನಕ್ಕೆ ತೆರಿಗೆ ಮುರಿಯಬೇಕೇ ಬೇಡವೇ ಎನ್ನುವುದು ಈ ತಂತ್ರಾಂಶದಲ್ಲೇ ತೀರ್ಮಾನವಾಗುತ್ತದೆ. ಅದರ ಖರ್ಚು ಕರೆದವರದ್ದು, ನಿಮ್ಮದಲ್ಲ.

ತೆರಿಗೆಯ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಪೌರತ್ವ, ಯಾವ ದೇಶದಲ್ಲಿ ತೆರಿಗೆ ಕಟ್ಟುತ್ತೀರಿ, ವೀಸಾ ಯಾವುದು, ಹಿಂದೆ ಯಾವಾಗ ಬಂದು ಎಷ್ಟು ದಿನ ಇದ್ದಿರಿ, ಈಗ ಸಿಗುವ ಹಣ ಯಾವ ಬಗೆಯದು ಎಂದು ಒಂದೊಂದಾಗಿ ಕೇಳುತ್ತದೆ. ಕೊನೆಗೆ ಒಂದು ಸಾರಾಂಶ ವರದಿ, ಜೊತೆಗೆ ಡಬ್ಲ್ಯೂ-8ಬೆನ್ ಅಥವಾ 8233 ಎಂಬ ತೆರಿಗೆ ಫಾರ್ಮನ್ನು ತುಂಬಿಯೇ ಕೊಡುತ್ತದೆ. ಅಲ್ಲಿಗೆ ಮುಗಿಯಿತು ಎಂದು ಕಂಪ್ಯೂಟರ್ ಮುಚ್ಚಿದರೆ ಕಡತ ಅರ್ಧಕ್ಕೇ ನಿಲ್ಲುತ್ತದೆ. ಫಾರ್ಮಿಗೆ ಸಹಿ ಹಾಕಿ, ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರತಿಗಳ ಜೊತೆ ಅಲ್ಲಿನ ಕಚೇರಿಗೆ ತಲುಪಿಸಬೇಕು.

ದಿನಗಳ ಲೆಕ್ಕದಲ್ಲಿ ಮಾತ್ರ ಪಾಸ್‌ಪೋರ್ಟಿನ ಮುದ್ರೆಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತುಕೊಳ್ಳಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 15ನೇ ವಿಧಿಯ ಪ್ರಕಾರ, ಆ ಕ್ಯಾಲೆಂಡರ್ ವರ್ಷದಲ್ಲಿ ಅಲ್ಲಿದ್ದ ದಿನಗಳು ಒಟ್ಟು 90 ಮುಟ್ಟದಿದ್ದರೆ ಮತ್ತು ಅಲ್ಲಿ ನಿಮ್ಮದೇ ಕಾಯಂ ಕಚೇರಿ ಇಲ್ಲದಿದ್ದರೆ ಗೌರವಧನಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಉಪನ್ಯಾಸದ ದಿನಗಳಷ್ಟೇ ಅಲ್ಲ, ಅಲ್ಲಿದ್ದ ಎಲ್ಲ ದಿನವೂ ಸೇರುತ್ತದೆ. ಮಗಳ ಬಾಣಂತನಕ್ಕೆಂದು ಫೆಬ್ರವರಿಯಿಂದ ಮೂರು ತಿಂಗಳು ನ್ಯೂಜೆರ್ಸಿಯಲ್ಲಿದ್ದು ಬಂದವರು ಅಕ್ಟೋಬರಿನಲ್ಲಿ ಒಂದೇ ಒಂದು ಉಪನ್ಯಾಸಕ್ಕೆ ಹೋದರೂ ಈ ವಿನಾಯಿತಿ ಕೈತಪ್ಪುತ್ತದೆ. ಇನ್ನೊಂದು ಲೆಕ್ಕ ಮೂರು ವರ್ಷದ್ದು: ಈ ವರ್ಷದ ಅಷ್ಟೂ ದಿನ, ಕಳೆದ ವರ್ಷದ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಕೂಡಿಸಿ 183 ಆದರೆ ತೆರಿಗೆಯ ಮಟ್ಟಿಗೆ ಅವರ ಕಣ್ಣಿಗೆ ನೀವು ಅಲ್ಲಿನ ನಿವಾಸಿ. ವರ್ಷಕ್ಕೆ 122 ದಿನದಂತೆ ಮೂರು ವರ್ಷ ಸತತವಾಗಿ ಇದ್ದರೆ ಸರಿಯಾಗಿ 183 ಆಗುತ್ತದೆ. ಗ್ಲೇಸಿಯರ್ ಈ ಗುಣಾಕಾರವನ್ನೆಲ್ಲ ತಾನೇ ಮಾಡುತ್ತದೆ, ಆದರೆ ನೀವು ಬರೆದ ತಾರೀಖುಗಳನ್ನು ನಂಬಿಕೊಂಡು.

ದೊಡ್ಡ ತೊಡಕು ಐಟಿನ್ ಸಂಖ್ಯೆ. ಒಪ್ಪಂದದ ಲಾಭಕ್ಕೆ 8233 ಬೇಕು, 8233ಕ್ಕೆ ಅಮೆರಿಕದ ತೆರಿಗೆ ಸಂಖ್ಯೆ ಬೇಕು. ಅಲ್ಪಾವಧಿ ಭೇಟಿಯ ಬಿ ವೀಸಾದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೊಡುವುದಿಲ್ಲವಾದ್ದರಿಂದ ಡಬ್ಲ್ಯೂ-7 ಅರ್ಜಿ ಹಾಕಿ ಐಟಿನ್ ಪಡೆಯಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಸಂಖ್ಯೆ ಇಲ್ಲದಿದ್ದರೆ 30% ಮುರಿದೇ ಕೊಡುತ್ತಾರೆ: ಸಾವಿರ ಡಾಲರಿಗೆ ಕೈಗೆ ಬರುವುದು 700. ಉಳಿದ 300 ವಾಪಸ್ ಬೇಕೆಂದರೆ ಮುಂದಿನ ವರ್ಷ 1040-ಎನ್‌ಆರ್ ರಿಟರ್ನ್ ಸಲ್ಲಿಸಬೇಕು. ಕರೆದ ವಿಶ್ವವಿದ್ಯಾಲಯವೇ ಐಟಿನ್ ಅರ್ಜಿ ಸ್ವೀಕರಿಸುವ ಅಧಿಕೃತ ಏಜೆಂಟ್ ಆಗಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ಆಗಿದ್ದರೆ ಪಾಸ್‌ಪೋರ್ಟನ್ನು ಅಲ್ಲೇ ತೋರಿಸಿದರಾಯಿತು, ಅಂಚೆಗೆ ಹಾಕುವ ಗೋಳಿಲ್ಲ. ಹಳೆಯ ಐಟಿನ್ ಇದ್ದವರು ಒಂದು ವಿಷಯ ಗಮನಿಸಿ: ಸತತ ಮೂರು ವರ್ಷ ಯಾವ ರಿಟರ್ನ್‌ನಲ್ಲೂ ಬಳಸದಿದ್ದರೆ ಅದರ ಅವಧಿ ಮುಗಿದಿರುತ್ತದೆ. 8233 ಕೂಡ ಒಂದು ವರ್ಷಕ್ಕೆ, ಒಂದು ಸಂಸ್ಥೆಗೆ ಮಾತ್ರ.

ಇಷ್ಟೆಲ್ಲ ಮಾಡುವ ಗ್ಲೇಸಿಯರ್, ಹಣ ಪಡೆಯಲು ನಿಮ್ಮ ವೀಸಾ ಬಿಡುತ್ತದೆಯೇ ಎಂಬ ಪ್ರಶ್ನೆಗೆ ಆಸರೆಯಾಗುವುದಿಲ್ಲ. ಅದಕ್ಕೆ 1998ರ ಕಾನೂನಿನಿಂದ ಬಂದ 9-5-6 ನಿಯಮವಿದೆ. ಒಂದು ಸಂಸ್ಥೆಯಲ್ಲಿ ಶೈಕ್ಷಣಿಕ ಕೆಲಸ 9 ದಿನ ಮೀರಬಾರದು. ಹಿಂದಿನ 6 ತಿಂಗಳಲ್ಲಿ 5ಕ್ಕಿಂತ ಹೆಚ್ಚು ಸಂಸ್ಥೆಗಳಿಂದ ಹಣ ಪಡೆದಿರಬಾರದು. ಕೊಡುವವರು ಉನ್ನತ ಶಿಕ್ಷಣ ಸಂಸ್ಥೆ, ಅದಕ್ಕೆ ಸೇರಿದ ಲಾಭರಹಿತ ಸಂಸ್ಥೆ, ಇಲ್ಲವೇ ಲಾಭರಹಿತ ಅಥವಾ ಸರ್ಕಾರಿ ಸಂಶೋಧನಾ ಸಂಸ್ಥೆ ಆಗಿರಬೇಕು. ಖಾಸಗಿ ಕಂಪನಿಯ ಸೆಮಿನಾರಿಗೆ ಇದು ಅನ್ವಯಿಸದು. ಹತ್ತು ದಿನದ ಕಾರ್ಯಾಗಾರ ಒಪ್ಪಿಕೊಂಡು ಬಿ-1 (ವ್ಯವಹಾರದ ಭೇಟಿ) ವೀಸಾದಲ್ಲಿ ಹೋದರೆ ಗೌರವಧನ ಹೋಯಿತು, ಪ್ರಯಾಣ ಮತ್ತು ವಸತಿ ಖರ್ಚು ಮಾತ್ರ ಸಿಕ್ಕೀತು. ಬಿ-2 (ಪ್ರವಾಸ) ಆಗಿದ್ದರೆ ಅದಕ್ಕೂ ಕತ್ತರಿ.

ನಮ್ಮವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಬಿ-1/ಬಿ-2 ಜೋಡಿ ವೀಸಾ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಅಧಿಕಾರಿ. ‘ಟೂರಿಸ್ಟ್’ ಎಂದು ಬಾಯಿತಪ್ಪಿ ಹೇಳಿದರೆ ಬಿ-2 ಬೀಳುತ್ತದೆ. ಆಹ್ವಾನ ಪತ್ರ ಕೈಯಲ್ಲಿರಲಿ, ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕ್ಕೆ ಬಂದಿದ್ದೇನೆ ಎಂದೇ ಹೇಳಿ, ಹೋಟೆಲಿಗೆ ಹೋದ ಮೇಲೆ ಐ-94 ಡೌನ್‌ಲೋಡ್ ಮಾಡಿ ಏನು ಬಿದ್ದಿದೆ ನೋಡಿ.

ಖರ್ಚು ವಾಪಸಾತಿಯ ವಿಷಯ. ಬಿಲ್ಲು ಸರಿಯಾಗಿದ್ದರೆ ಆ ಹಣಕ್ಕೆ ತೆರಿಗೆ ಇಲ್ಲ. ಖರ್ಚಾದ 60 ದಿನದೊಳಗೆ ಬಿಲ್ಲು ಸಲ್ಲಿಸುವುದು ಕ್ಷೇಮ. ತಡವಾದರೆ ಅದೂ ಆದಾಯದ ಲೆಕ್ಕಕ್ಕೆ ಬಿದ್ದು 30% ಮುರಿಯಬಹುದು. ಕೆಂಪೇಗೌಡ ವಿಮಾನ ನಿಲ್ದಾಣದ ಟ್ಯಾಕ್ಸಿಗೆ ಯುಪಿಐ ಸ್ಕ್ರೀನ್‌ಶಾಟ್ ಸಾಲದು, ಆ್ಯಪ್‌ನಿಂದ ಬಿಲ್ಲನ್ನೇ ತೆಗೆಯಿರಿ. ಟಿಕೆಟ್ ಕೊಳ್ಳುವ ಮೊದಲು ಹಣ ಯಾವ ಅನುದಾನದ್ದು ಎಂದು ಕೇಳಿ. ಅಮೆರಿಕದ ಫೆಡರಲ್ ಅನುದಾನವಾದರೆ ಅಮೆರಿಕದ ವಿಮಾನ ಕಂಪನಿಯಲ್ಲೇ ಹಾರಬೇಕೆನ್ನುವ ಫ್ಲೈ ಅಮೆರಿಕ ಕಾಯ್ದೆ ಅಡ್ಡ ಬರುತ್ತದೆ: ಅಗ್ಗ ಎಂದು ಎಮಿರೇಟ್ಸ್ ಅಥವಾ ಕತಾರ್ ಏರ್‌ವೇಸ್ ಸಂಖ್ಯೆಯ ಟಿಕೆಟ್ ತೆಗೆದರೆ ಬಿಲ್ಲು ತಿರಸ್ಕಾರವಾಗುವ ಸಂಭವವೇ ಹೆಚ್ಚು. ಲುಫ್ತಾನ್ಸಾದಂಥ ಯುರೋಪಿಯನ್ ಒಕ್ಕೂಟದ ವಿಮಾನಗಳಿಗೆ, ರಕ್ಷಣಾ ಇಲಾಖೆಯ ದುಡ್ಡಲ್ಲದಿದ್ದರೆ, ಸಾಮಾನ್ಯವಾಗಿ ವಿನಾಯಿತಿ ಇದೆ. ಟಿಕೆಟ್ಟು, ಹೋಟೆಲು ನೀವೇ ಬುಕ್ ಮಾಡಿಕೊಡಿ ಎಂದು ಕರೆದವರನ್ನೇ ಕೇಳುವುದು ಎಲ್ಲಕ್ಕಿಂತ ಮೇಲು. ಸಂಕೋಚ ಬೇಡ.

ಹಣ ಚೆಕ್ಕಿನಲ್ಲಿ ಬೇಡ. ಡಾಲರ್ ಚೆಕ್ಕನ್ನು ಇಲ್ಲಿನ ಬ್ಯಾಂಕ್ ತೆಗೆದುಕೊಂಡರೂ ಹಣ ಕೂಡಲು ವಾರಗಳೇ ಬೇಕು. ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಕೇಳಿ. ಫಾರ್ಮಿನಲ್ಲಿ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳಿದರೆ ಭಾರತಕ್ಕೆ ಅದು ಇಲ್ಲ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡ್ ಕೊಡಿ. ಎಲ್ಲ ಶಾಖೆಗೂ ಸ್ವಿಫ್ಟ್ ಕೋಡ್ ಇರುವುದಿಲ್ಲ, ಶಾಖೆಯಲ್ಲೇ ಕೇಳಿ ಬರೆದುಕೊಳ್ಳಿ. ನಮ್ಮ ಕಡೆಯ ಇನಿಷಿಯಲ್ ಹೆಸರುಗಳ ಪೇಚು ಇಲ್ಲಿದೆ: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಅದೇ ಹೆಸರಲ್ಲಿ ವೈರ್ ಹೊರಟರೆ, ಎರಡು ಇನಿಷಿಯಲ್ ಇರುವ ಜಯನಗರದ ಖಾತೆಗೆ ಹೊಂದದೆ ವಾಪಸಾಗಬಹುದು. ಹಣ ಪಡೆಯುವವರ ಹೆಸರನ್ನು ಪಾಸ್‌ಬುಕ್‌ನಲ್ಲಿ ಇರುವಂತೆಯೇ ಬರೆಯಲು ಮೊದಲೇ ತಿಳಿಸಿ.

ಗ್ಲೇಸಿಯರ್‌ಗೆ ಐದಕ್ಕೆ ಮೂರೂವರೆ ಅಂಕ. ತೆರಿಗೆಗೆ ನಾಲ್ಕೂವರೆ ಕೊಡಬಹುದಿತ್ತು. 9-5-6 ನಿಯಮಕ್ಕೆ ಬೇರೆಯೇ ಘೋಷಣಾ ಪತ್ರ ತುಂಬಿಸಿಕೊಳ್ಳುವ ಸಂಸ್ಥೆಗಳು ಬಹಳ ಇರುವುದರಿಂದ ಒಂದು ಕಡಿತ. ಮಾರ್ಚ್ 15ರ ಹೊತ್ತಿಗೆ ಬರಬೇಕಾದ 1042-ಎಸ್ ಚೀಟಿಯನ್ನು (ಕೊಟ್ಟ ಹಣ, ಮುರಿದ ತೆರಿಗೆಯ ವಿವರ) ನಿಮ್ಮ ಸಿಎಗೆ ಕೊಡುವಾಗ ಒಂದು ಮಾತು ಹೇಳಿ: ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಗೌರವಧನ ಪೂರ್ತಿ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಆದರೆ ಫೆಬ್ರವರಿಯಲ್ಲಿ ಬಂದ ಹಣ ಮತ್ತು ಮೇನಲ್ಲಿ ಬಂದ ಹಣ ನಮ್ಮ ಏಪ್ರಿಲ್–ಮಾರ್ಚ್ ಲೆಕ್ಕದಲ್ಲಿ ಬೇರೆ ಬೇರೆ ವರ್ಷಕ್ಕೆ ಹೋಗುತ್ತವೆ.