ನೀಲ್ ದ್ವೀಪದಲ್ಲಿ ಉಳಿಯಲು: ಕಡಲಂಚಿನ ಗುಡಿಸಲೋ, ಊರೊಳಗಿನ ಕೋಣೆಯೋ?

ನೀಲ್ ದ್ವೀಪಕ್ಕೆ ಹೊರಟವರು ಎಲ್ಲಿ ಉಳಿಯಬೇಕೆಂದು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: ಊರೊಳಗೆ, ಬಾವಿ ಇರುವ ಮನೆಯಲ್ಲಿ. ಮಾರ್ಚ್ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಅಂಡಮಾನಿಗೆ ಹೋದಾಗ ಅಲ್ಲಿ ಎರಡು ಕಡೆ ಉಳಿದೆವು. ಮೊದಲು ಲಕ್ಷ್ಮಣಪುರದ ಕಡಲಂಚಿನಲ್ಲಿ ಬಿದಿರಿನ ತಟ್ಟಿ ಕಟ್ಟಿದ ಗುಡಿಸಲು, ರಾತ್ರಿಗೆ 2,800 ರೂಪಾಯಿ. ಆಮೇಲೆ ನೀಲ್ ಕೇಂದ್ರದ ಬಜಾರಿನ ಹಿಂದೆ ಬಂಗಾಳಿ ಕುಟುಂಬವೊಂದು ತನ್ನ ಮನೆಗೆ ತಾಗಿಸಿ ಕಟ್ಟಿಸಿರುವ ಕೋಣೆ, 1,100 ರೂಪಾಯಿ. ಬಾಡಿಗೆ ಎರಡಕ್ಕೂ ಒಂದೇ ಇದ್ದಿದ್ದರೂ ನಾನು ಎರಡನೆಯದನ್ನೇ ಆರಿಸುತ್ತಿದ್ದೆ.

2018ರ ಡಿಸೆಂಬರ್‌ನಿಂದ ಈ ದ್ವೀಪದ ಅಧಿಕೃತ ಹೆಸರು ಶಹೀದ್ ದ್ವೀಪ. ಅಲ್ಲಿಯವರ ಬಾಯಲ್ಲಿ ಮಾತ್ರ ಇನ್ನೂ ನೀಲ್ ಎಂದೇ ಇದೆ, ನಾನೂ ಹಾಗೆಯೇ ಬರೆಯುತ್ತೇನೆ.

ಗುಡಿಸಲಿನ ನೋಟಕ್ಕೆ ಹೆಸರಿಡುವಂತಿಲ್ಲ. ಬಾಗಿಲು ತೆರೆದರೆ ಮರಳು, ಮರಳಿನಾಚೆ ಹಸಿರು ನೀರು. ಹಾಸಿಗೆ ಸ್ವಚ್ಛವಾಗಿತ್ತು, ಸೊಳ್ಳೆಪರದೆ ಹರಿದಿರಲಿಲ್ಲ, ಕೆಲಸದ ಹುಡುಗರು ಕರೆದ ಕೂಡಲೇ ಬರುತ್ತಿದ್ದರು. ತೊಂದರೆ ಇದ್ದದ್ದು ನಲ್ಲಿಯಲ್ಲಿ.

ಬಂದ ಸಂಜೆ ಸ್ನಾನಕ್ಕೆ ಹೋದ ಅಮ್ಮ, "ಈ ಸೋಪಿಗೆ ಏನಾಗಿದೆ?" ಎಂದು ಒಳಗಿನಿಂದಲೇ ಕೂಗಿದರು. ಸೋಪಿಗೆ ಏನೂ ಆಗಿರಲಿಲ್ಲ. ಎಷ್ಟು ಉಜ್ಜಿದರೂ ನೊರೆ ಏಳದೆ, ಮೈಮೇಲೆ ಮೇಣದಂಥ ಬಿಳಿ ಪದರ ಕೂರುತ್ತಿತ್ತು. ನಲ್ಲಿಯ ನೀರನ್ನು ನಾಲಿಗೆಗೆ ತಾಗಿಸಿ ನೋಡಿದೆ. ಕಡಲ ನೀರಿನಷ್ಟು ಕಟುವಲ್ಲ, ಆದರೆ ಉಪ್ಪು ಉಪ್ಪೇ. ತಲೆಗೆ ಸ್ನಾನ ಮಾಡಿದ ಮೇಲೆ ಕೂದಲು ತೆಂಗಿನ ನಾರಿನಂತೆ ಬಿರುಸಾಯಿತು. ಬಾಚಣಿಗೆ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಒಗೆದು ಹಾಕಿದ ಹತ್ತಿಯ ಸೀರೆ ಬಿಸಿಲಲ್ಲಿ ಒಣಗಿದರೂ ರಾತ್ರಿಯ ಹೊತ್ತಿಗೆ ಮತ್ತೆ ತೇವ ಹೀರಿ ಜಿಗಿಜಿಗಿ ಎನ್ನುತ್ತಿತ್ತು.

ಇಷ್ಟನ್ನು ಸಹಿಸಬಹುದಿತ್ತು. ಕಾಫಿಯ ವಿಷಯದಲ್ಲಿ ಸಹಿಸಲಾಗಲಿಲ್ಲ. ನಾವು ಎಲ್ಲಿಗೆ ಹೋದರೂ ಸಣ್ಣ ಫಿಲ್ಟರ್, ಪುಡಿಯ ಪೊಟ್ಟಣ, ನೀರು ಕಾಯಿಸುವ ವಿದ್ಯುತ್ ಕೆಟಲ್ ಜೊತೆಗಿರುತ್ತವೆ. ಬೆಳಿಗ್ಗೆ ನಲ್ಲಿಯ ನೀರನ್ನೇ ಕಾಯಿಸಿ ಹಾಕಿದ ಡಿಕಾಕ್ಷನ್ ಉಪ್ಪುಪ್ಪಾಗಿ ಬಂತು. ಸಕ್ಕರೆ ಹಾಕಿದಷ್ಟೂ ಉಪ್ಪು ಎದ್ದು ಕಾಣುತ್ತಿತ್ತು. ಆಮೇಲೆ ಬಾಟಲಿ ನೀರು ಕೊಂಡೆವು. ಕುಡಿಯಲು, ಕಾಫಿಗೆ, ಅಮ್ಮನ ತಲೆ ತೊಳೆಯಲು ಕೊನೆಯ ಎರಡು ತಂಬಿಗೆ, ಎಲ್ಲಕ್ಕೂ ಬಾಟಲಿಯೇ. ಒಂದಷ್ಟು ಹೊತ್ತಿಗೆ ಮೂಲೆಯಲ್ಲಿ ಖಾಲಿ ಪ್ಲಾಸ್ಟಿಕ್ ರಾಶಿಯಾಯಿತು. ಅಷ್ಟು ಚಿಕ್ಕ ದ್ವೀಪದಲ್ಲಿ ಆ ಕಸವನ್ನೆಲ್ಲ ಎಲ್ಲಿ ಹಾಕುತ್ತಾರೆ ಎಂಬ ಯೋಚನೆ ನನ್ನನ್ನು ಬಹಳವಾಗಿ ಕಾಡಿತು. ಮಾಲೀಕರಿಗೆ ಹೇಳಿದಾಗ, "ಬೀಚ್ ಪಕ್ಕ ಎಲ್ಲ ಕಡೆ ಹೀಗೇ" ಎಂದರು. ಅದು ನಿಜವೇ ಇರಬಹುದು, ಆದರೆ ಕೋಣೆ ಕಾದಿರಿಸುವಾಗ ಹೇಳಬೇಕಾದ ಮಾತು ಅದು.

ಊರೊಳಗಿನ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ತೆರೆದ ಬಾವಿ ಇದೆ. ಮೊದಲ ಕೊಡ ಸೇದಿ ಬೊಗಸೆಯಲ್ಲಿ ಕುಡಿದು ನೋಡಿದ ಅಮ್ಮನ ಮುಖ ಅರಳಿತು. ಸುಣ್ಣದ ಅಂಶ ಇದ್ದೇ ಇತ್ತು, ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಆದರೆ ಉಪ್ಪಿನ ಸುಳಿವಿರಲಿಲ್ಲ. ಸೋಪು ನೊರೆಯಾಯಿತು, ಕಾಫಿ ಕಾಫಿಯ ಹಾಗೆ ಬಂತು.

ಎರಡು ಕಿಲೋಮೀಟರಿನ ಅಂತರದಲ್ಲಿ ಇಷ್ಟು ವ್ಯತ್ಯಾಸ ಏಕೆಂದರೆ, ನೀಲ್ ಹವಳದ ಸುಣ್ಣಕಲ್ಲಿನ ದ್ವೀಪ. ಬಿದ್ದ ಮಳೆ ಕಲ್ಲಿನ ಸಂದುಗಳಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ, ಸಿಹಿನೀರು ಹಗುರವಾದ್ದರಿಂದ. ದ್ವೀಪದ ನಡುವೆ ಈ ಪದರ ದಪ್ಪವಾಗಿರುತ್ತದೆ, ದಡದ ಕಡೆಗೆ ತೆಳುವಾಗುತ್ತ ಹೋಗುತ್ತದೆ. ಇಂಥ ನೆಲದಲ್ಲಿ ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಭೂಜಲ ತಜ್ಞರ ಲೆಕ್ಕ. ಅಂಚಿನಲ್ಲಿ ಮೋಟಾರು ಹಾಕಿ ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾದರೂ ಜನವರಿಯಿಂದ ಏಪ್ರಿಲ್‌ವರೆಗೆ ಒಣಗಾಲ. ಪ್ರವಾಸಿಗರು ತುಂಬುವುದೂ ಆಗಲೇ. ನಮ್ಮ ಮನೆಯೊಡೆಯರು ಹಿತ್ತಲ ಬಾವಿಗೆ ಮೋಟಾರು ಕೂರಿಸಿಲ್ಲ, ಹಗ್ಗ ಮತ್ತು ಬಕೆಟ್ ಅಷ್ಟೆ. ಕೂರಿಸಿದರೆ ಬೇಸಿಗೆಯಲ್ಲಿ ನೀರು ಕೆಡುತ್ತದೆ ಎಂದು ಅವರ ತಂದೆ ಹೇಳಿದ್ದರಂತೆ.

ಈಗ ಕಡಲಿನ ಮಾತು. ಬಾಗಿಲಲ್ಲೇ ಸಮುದ್ರ ಇರುವುದಕ್ಕಾಗಿ ತಾನೇ ಜನ ಹೆಚ್ಚು ಹಣ ಕೊಡುವುದು? ಲಕ್ಷ್ಮಣಪುರದಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ಹಿಂದೆ ಸರಿದು, ಚೂಪಾದ ಹವಳದ ಕಲ್ಲುಗಳು ಮೇಲೇಳುತ್ತವೆ. ಆಗ ಈಜು ಸಾಧ್ಯವಿಲ್ಲ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಿಮ್ಮ ಬಿಡುವು ಅದರೊಡನೆ ಕೂಡಿ ಬಂದರೆ ಬಂತು. ನೀರಿಗಿಳಿಯಲು ಜೆಟ್ಟಿಯ ಪಕ್ಕದ ಭರತಪುರವೇ ಲೇಸು, ಮತ್ತು ಅದು ಬಜಾರಿನಿಂದ ನಡೆದು ಹೋಗುವಷ್ಟು ಹತ್ತಿರ. ಸೂರ್ಯೋದಯಕ್ಕೆ ಪೂರ್ವದ ಸೀತಾಪುರ, ಸೂರ್ಯಾಸ್ತಕ್ಕೆ ಪಶ್ಚಿಮದ ಲಕ್ಷ್ಮಣಪುರ. ಎರಡಕ್ಕೂ ಬಾಡಿಗೆ ಸೈಕಲ್ ಸಾಕು. ಗಡಿಯಾರ ಮಾತ್ರ ನೋಡಿಕೊಳ್ಳಿ, ಮಾರ್ಚ್‌ನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ನೈಸರ್ಗಿಕ ಕಲ್ಲಿನ ಸೇತುವೆ ನೋಡಲು ಇಳಿತದಲ್ಲೇ ಹೋಗಬೇಕು. ಯಾವ ಹೊತ್ತಿಗೆ ಹೊರಡಬೇಕೆಂದು ಮನೆಯೊಡೆಯರು ಹಿಂದಿನ ರಾತ್ರಿಯೇ ಹೇಳಿದ್ದರು, ಹೇಳಿದ ಹಾಗೆಯೇ ಆಯಿತು.

ಊಟ: ಊರೊಳಗೇ ಮೇಲು. ಗುಡಿಸಲಿನ ಹೋಟೆಲಿನಲ್ಲಿ ಎಲ್ಲೆಡೆ ಸಿಗುವ ಪನೀರು, ನೂಡಲ್ಸ್. ಇಲ್ಲಿ ಮನೆಯವರ ಅಡುಗೆಯೇ ನಮಗೂ. ಅಮ್ಮ ಮೀನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಸಾಸಿವೆ ಎಣ್ಣೆಯಲ್ಲಿ ಕರಿದ ಬದನೆ ಹೋಳು, ಕುಂಬಳಕಾಯಿ ಪಲ್ಯ, ತೆಳ್ಳನೆಯ ಬೇಳೆ. ತರಕಾರಿ ಅಲ್ಲಿಯದೇ, ಅಂಡಮಾನಿನ ತರಕಾರಿ ಬುಟ್ಟಿ ಎಂದೇ ನೀಲ್‌ಗೆ ಹೆಸರು. ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತು, ಕಾಡು ಕಡಿದು ಗದ್ದೆ ಮಾಡಿದವರು ಅವರು. ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂಬ ಹೆಸರುಗಳನ್ನು ಕೇಳಿ ಅಮ್ಮನಿಗೆ ಎಲ್ಲಿಲ್ಲದ ಸಂತೋಷ. ಹಿತ್ತಲಿನಾಚೆ ಅಡಿಕೆ ಮರಗಳಿದ್ದವು. ಶಿರಸಿಯ ತೋಟದಲ್ಲಿ ಬೆಳೆದ ಅವರು, ಬರುವ ಹಿಂದಿ ನಾಲ್ಕೇ ಮಾತಾದರೂ, ಮನೆಯಾಕೆಯೊಡನೆ ಗೊನೆ ಕೊಯ್ಯುವುದು, ಸುಲಿಯುವುದು, ಒಣಗಿಸುವುದು ಎಲ್ಲವನ್ನೂ ಕೈಸನ್ನೆಯಲ್ಲೇ ಮಾತಾಡಿ ಮುಗಿಸಿದರು.

ವಿದ್ಯುತ್: ಎರಡು ಕಡೆಯೂ ಆಗಾಗ ಹೋಗುತ್ತದೆ. ಮೊಬೈಲ್ ಸಂಪರ್ಕ: ಎರಡು ಕಡೆಯೂ ನಿಧಾನ. ನಗದು ಇಟ್ಟುಕೊಂಡೇ ಹೋಗಿ. ಬೆಳಿಗ್ಗೆ ಎಂಟಕ್ಕೆ ಕೋಣೆ ಬಿಡಬೇಕೆಂದು ಇಬ್ಬರೂ ಹೇಳಿದರು. ಮಧ್ಯಾಹ್ನದ ಹಡಗಿನವರೆಗೆ ಊರೊಳಗಿನವರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು.

ಊರೊಳಗಿನ ಕೋಣೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಶೌಚಾಲಯಕ್ಕೆ ಅಂಗಳ ದಾಟಬೇಕು, ರಾತ್ರಿ ಟಾರ್ಚ್ ಬೇಕು. ಸೊಳ್ಳೆ ಹೆಚ್ಚು. ನಾಲ್ಕು ಗಂಟೆಗೆ ಹುಂಜ ಕೂಗುತ್ತದೆ. ಬೇಗ ಏಳುವ ನಮಗೆ ಅದು ಹಿಡಿಸಿತು, ತಡವಾಗಿ ಏಳುವವರಿಗೆ ಹಿಂಸೆಯಾದೀತು. ಬಿಸಿನೀರು ಬೇಕೆಂದರೆ ಒಲೆಯ ಮೇಲೆ ಕಾಯುವವರೆಗೆ ಕಾಯಬೇಕು. ಹೊಸದಾಗಿ ಮದುವೆಯಾದವರು, ಒಂದೇ ರಾತ್ರಿ ಉಳಿದು ಮರುದಿನ ಪಕ್ಕದ ದ್ವೀಪ ಹ್ಯಾವ್ಲಾಕ್‌ಗೆ ಹೊರಡುವವರು ಗುಡಿಸಲನ್ನೇ ಹಿಡಿಯಲಿ. ಅಷ್ಟು ಹೊತ್ತಿಗೆ ಉಪ್ಪುನೀರು ದೊಡ್ಡ ಸಂಗತಿಯಾಗುವುದಿಲ್ಲ, ಬಾಗಿಲ ಮುಂದಿನ ಸಂಜೆ ಬೇರೆಲ್ಲೂ ಸಿಗುವುದಿಲ್ಲ. ದಿನಗಟ್ಟಲೆ ಇದ್ದು, ಬಟ್ಟೆ ಒಗೆದುಕೊಂಡು, ವಯಸ್ಸಾದವರನ್ನು ಜೊತೆಗಿಟ್ಟುಕೊಂಡು, ಖರ್ಚು ನೋಡಿಕೊಂಡು ತಿರುಗುವ ನಮ್ಮಂಥವರಿಗೆ ಬಾವಿಯ ಮನೆಯೇ ಸರಿ.

ಕೋಣೆ ಕಾದಿರಿಸಲು ಫೋನ್ ಮಾಡಿದಾಗ ಎಸಿ ಇದೆಯೇ ಎಂದು ಕೇಳುವ ಮೊದಲು ಸ್ನಾನದ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಕೊಳವೆಬಾವಿ ಎಂದರೆ ದಡದಿಂದ ಎಷ್ಟು ದೂರ ಎಂದು ಕೇಳಿ. ಮಾರ್ಚ್, ಏಪ್ರಿಲ್‌ನಲ್ಲೂ ಅದೇ ನೀರನ್ನು ಮನೆಯವರು ಕುಡಿಯುತ್ತಾರೆಯೇ ಎಂದೂ ಕೇಳಿ. ಹೌದು ಎಂದರೆ ಮುಂಗಡ ಕೊಡಿ.